ಕರಿಬೀಜ ಹೆಕ್ಕುವವಳು ಸಿನಿಮಾ ನೋಡಿದ್ದು

ಒಂಬತ್ತು ವರ್ಷದಿಂದ ನನ್ನ ಕೆಲಸ ಇದೇ:
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೆಲ್ಟಿನ ಮೇಲೆ ಹರಿದು ಬರುವ ಕಾಫಿಯಿಂದ
ಕರಿಬೀಜ, ಒಡಕು, ಹುಳುಕು ಹೆಕ್ಕಿ ತೆಗೆಯುವುದು.
‘ನಿನ್ನ ಕಣ್ಣಿಗೆ ಒಳ್ಳೇದು ಬೀಳೋದೇ ಇಲ್ಲ ಮಾರಾಯ್ತಿ’
ಅನ್ನುತ್ತಾಳೆ ಎದುರು ಕೂರುವ ರುಖಿಯಾ.
ಆದ್ದರಿಂದ ನನ್ನನ್ನು ಸಿನಿಮಾಕ್ಕೆ ಕರೆಯಬೇಡಿ
ಎಂದು ಹೇಳಬೇಕಿತ್ತು ಜೋಯಪ್ಪನಿಗೆ. ಹೇಳಲಿಲ್ಲ.
ನಾಲ್ಕು ತಿಂಗಳು ಆ್ಯಪಿನಲ್ಲಿ ಬರೀ ‘ಊಟ ಆಯ್ತಾ’ ಆದ ಮೇಲೆ
ಮನುಷ್ಯ ಒಮ್ಮೆ ಧೈರ್ಯ ಮಾಡಿದ್ದ.

ಕುಶಾಲನಗರ, ಸಂಜೆ ಆಟ. ಹನ್ನೊಂದು ಜನ.
ಮೊಬೈಲಿನಲ್ಲಿ ಹುಡುಗಿ ಹುಡುಕುವವನ ಕಥೆ,
ಪೂರ್ತಿ ನಗು, ಪೂರ್ತಿ ಕೊಡಗು, ಎಂದಿತ್ತು ಪೋಸ್ಟರು.

ಮೊದಲ ಕರಿಬೀಜ ಐದನೇ ನಿಮಿಷಕ್ಕೇ ಸಿಕ್ಕಿತು:
ಮಾಂದಲಪಟ್ಟಿಯ ತುದಿಯಲ್ಲಿ ಹೀರೋಗೆ
ನಾಲ್ಕು ಕಡ್ಡಿ ಸಿಗ್ನಲ್ಲು.
ನಮ್ಮ ಮನೆ ಕಡೆ ಒಂದು ‘ಹಾಯ್’ ಕಳಿಸಲು
ನೀರಿನ ಟ್ಯಾಂಕಿನ ಏಣಿ ಹತ್ತಬೇಕು,
ಉತ್ತರ ಬರುವ ಹೊತ್ತಿಗೆ ಇಳಿದಿರುತ್ತೇವೆ.

ಆಮೇಲೆ ಲೆಕ್ಕ ತಪ್ಪಿತು.
ಕೊಡವ ಸೀರೆಯ ನೆರಿಗೆ ಬಾಗಿಲಲ್ಲಿ ಹಿಂದಿತ್ತು,
ಜಗಲಿಗೆ ಬರುವಷ್ಟರಲ್ಲಿ ಮುಂದೆ.
ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು
ಮೂರು ಹೆಜ್ಜೆಗೆ ಇರ್ಪು ಜಲಪಾತ ಮುಟ್ಟಿದ.
ತಾತ ಇದ್ದ; ಕೊಡಗಿನ ತಾತನಾದ್ದರಿಂದ ಕೈಯಲ್ಲಿ ಕೋವಿ,
ಸ್ನಾನಕ್ಕೆ ಹೋಗುವಾಗಲೂ.
ಹಾಡಿನಲ್ಲಿ ಒಂದೇ ಗಿಡಕ್ಕೆ ಬಿಳಿ ಹೂವು, ಕೆಂಪು ಹಣ್ಣು,
ಹಣ್ಣು ದಾರದಲ್ಲಿ ಕಟ್ಟಿದ್ದು. ನನಗೆ ಗಂಟೂ ಕಂಡಿತು.
ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಕಾಫಿ ಕುಡಿಯುವಾಗ:
ಅವಳು ಲೋಟ ಎತ್ತಿದ ರೀತಿಯಲ್ಲೇ ಗೊತ್ತು, ಖಾಲಿ.
ಇಷ್ಟು ದೂರ ಬಂದು, ಇಷ್ಟು ತೋಟದ ನಡುವೆ,
ಒಂದು ಗುಟುಕು ಹಾಕಿ ಕೊಡಲಾಗಲಿಲ್ಲವೇ ಯಾರಿಗೂ?

ನಗು ಬರಬೇಕಾದಲ್ಲಿ ‘ಟೊಂಯ್’ ಎಂಬ ಸದ್ದು.
ನಾವು ಮರೆತೇವೆಂದು ಇನ್ನೊಂದು ಟೊಂಯ್.
ಫೋಟೋದಲ್ಲಿ ತೆಳ್ಳಗಿದ್ದವಳು ಎದುರಿಗೆ ದಪ್ಪಗೆ ಬಂದಳು, ಟೊಂಯ್,
ಹೀರೋ ಮೇಜಿನ ಕೆಳಗೆ ತೂರಿಕೊಂಡ.
ಇಡೀ ಚಿತ್ರದಲ್ಲಿ ಮನುಷ್ಯರ ಹಾಗೆ ಮಾತಾಡಿದ್ದು ಅವಳೊಬ್ಬಳೇ.
‘ಬಸ್ಸು ಲೇಟಾಯ್ತು, ಕಾಯ್ತಿದ್ರಾ?’ ಅಂದಳು ಪಾಪ.
ಎರಡು ನಿಮಿಷ. ಮತ್ತೆ ಕಾಣಲಿಲ್ಲ.

ಮೂವತ್ತು ದಾಟಿದವಳಿಗೆ ‘ಎಕ್ಸ್‌ಪೈರಿ ಡೇಟ್’ ಅಂದ ಹೀರೋನ ಗೆಳೆಯ.
ನನಗೆ ಮೂವತ್ತಾರು. ಆ್ಯಪಿನಲ್ಲಿ ಮೂವತ್ತೆರಡು.
ಕೂಗಿ ಹೇಳಬೇಕೆನಿಸಿತು:
ಹಣ್ಣಿನೊಳಗೆ ಜೋಡಿಯಿಲ್ಲದೆ ಒಂದೇ ಬೆಳೆದರೆ
ಬೀಜ ಗುಂಡಗಾಗುತ್ತದೆ ಕಣಯ್ಯಾ,
ಅದಕ್ಕೆ ಬೇರೆ ಚೀಲ, ರೇಟೂ ಬೇರೆ.

ಪಕ್ಕದಲ್ಲಿ ಜೋಯಪ್ಪ ನಗುತ್ತಿರಲಿಲ್ಲ.
ಒಳ್ಳೆಯ ಗುಣವೋ, ಕಿವಿ ಮಂದವೋ.
ಪ್ರೊಫೈಲಿನಲ್ಲಿ ‘ಸ್ವಂತ ಉದ್ಯಮ’ ಎಂದಿತ್ತು:
ಸುಂಟಿಕೊಪ್ಪದಲ್ಲಿ ಪಂಪ್‌ಸೆಟ್ಟು ರಿಪೇರಿ.
ಕಾರಿಗೆ ಒರಗಿ ನಿಂತ ಫೋಟೋ ಇತ್ತು;
ಬಂದದ್ದು ಬಸ್ಸಲ್ಲಿ.

ಇಂಟರ್‌ವಲ್ ಮುಗಿದು ಸ್ವಲ್ಪಕ್ಕೆ ಕರೆಂಟು ಹೋಯಿತು.
ಹೀರೋ ಪ್ರೀತಿಯ ಭಾಷಣಕ್ಕೆ ಬಾಯಿ ತೆರೆದಿದ್ದ, ಅಷ್ಟೇ.
‘ದೇವರು ದೊಡ್ಡವನು’ ಅಂದರು ಯಾರೋ.
ಹನ್ನೊಂದು ಜನವೂ ನಕ್ಕೆವು, ಟೊಂಯ್ ಇಲ್ಲದೆ.

ಆಗ ಅವನು ಕೇಳಿದ, ಬಹಳ ದಿನದಿಂದ ಇಟ್ಟುಕೊಂಡಂತೆ:
‘ನಿಮ್ಮ ಫೋಟೋದ ಅಂಚಲ್ಲಿ ಒಂದು ಮೊಣಕೈ ಇದೆಯಲ್ಲ,
ಯಾರದು?’
ತಂಗಿ ಮದುವೆಯ ಗ್ರೂಪ್ ಫೋಟೋ, ಕತ್ತರಿಸಿದ್ದೆ.
‘ಅಡುಗೆಯವರದು’ ಅಂದೆ.
‘ಓ. ನಾಲ್ಕು ತಿಂಗಳು ಆ ಕೈಗೆ ಹೆದರಿದ್ದೆ.’

ಹಿಂದೆಲ್ಲೋ ಜನರೇಟರು ಕೆಮ್ಮಿ ಕೆಮ್ಮಿ ನಿಂತಿತು.
ಜೋಯಪ್ಪ ತಲೆ ವಾಲಿಸಿ ಕೇಳಿದ.
‘ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ’ ಅಂದವನೇ ಎದ್ದು ಹೋದ.
ಕಾಲು ಗಂಟೆಗೆ ಬಂದ, ಅಂಗೈ ತುಂಬಾ ಎಣ್ಣೆ,
ಬೆನ್ನಿಗೇ ಬಂತು ಬೆಳಕು,
ಬಾಯಿ ತೆರೆದಲ್ಲಿಂದಲೇ ಮುಂದುವರಿಸಿದ ಹೀರೋ.
ಉಳಿದ ಒಂಬತ್ತು ಜನ ಜೋಯಪ್ಪನನ್ನು ನೋಡಿದ ನೋಟ!

ಬಸ್ಸಿನ ನೆಪ ಹೇಳಿ ನಡುವೆಯೇ ಎದ್ದೆವು.
ಅವರಿಬ್ಬರು ಒಂದಾಗಿರಬೇಕು, ಜಲಪಾತದ ಹತ್ತಿರ,
ತಾತ ಗಾಳಿಗೆ ಒಂದು ಗುಂಡು ಹಾರಿಸಿರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಎರಡು ಲೋಟ ಕಾಫಿ ತಂದ,
ತುಂಬಿ, ಕೈಮೇಲೆ ಚೆಲ್ಲುವಷ್ಟು.
‘ಚಿಕೋರಿ ಜಾಸ್ತಿ’ ಎಂದೆ, ತಡೆಯಲಾಗಲಿಲ್ಲ.
‘ಗೊತ್ತು’ ಅಂದ,
‘ನಿಮಗೆ ಮೂವತ್ತಾರು ಅಂತಲೂ ಗೊತ್ತು.
ರುಖಿಯಾ ನಮ್ಮ ಪಕ್ಕದ ಮನೆ.’